ಸಿಸ್ಟಮ್ ಡೊಮೈನ್‌ಗೆ ಕನೆಕ್ಟ್ ಆಗುತ್ತಿಲ್ಲವೇ? ಕಿತ್ತು ಜೋಡಿಸುವ ಮೊದಲು ಇಷ್ಟು ನೋಡಿ

ದಸರಾ ರಜೆ ಮುಗಿದು ಆಫೀಸು ತೆರೆಯುವ ಮೊದಲ ದಿನ, ಬೆಳಿಗ್ಗೆ ಒಂಬತ್ತೂವರೆಯಿಂದಲೇ ನನಗೆ ಫೋನ್ ಬರಲು ಶುರುವಾಗುತ್ತದೆ. ನಾನು ಕೆಲಸ ಮಾಡುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ನಮ್ಮದೇ ಒಂದು ಶಾಖೆ ಮಂಡ್ಯದಲ್ಲಿದೆ. ಎರಡು ಕಡೆಯ ಸಿಸ್ಟಮ್‌ಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಡೊಮೈನ್ ಅಂದರೆ, ಯಾರು ಯಾವ ಹೆಸರು, ಪಾಸ್‌ವರ್ಡ್‌ನಲ್ಲಿ ಒಳಗೆ ಹೋಗಬಹುದು ಅನ್ನುವುದನ್ನು ಆಫೀಸಿನ ಸರ್ವರ್ ಒಂದೇ ಕಡೆಯಿಂದ ನೋಡಿಕೊಳ್ಳುವ ಸಿಸ್ಟಮ್‌ಗಳ ಗುಂಪು. ಕಳೆದ ಸಲ ಮೊದಲ ಫೋನ್ ಬಂದದ್ದು ಮಂಡ್ಯದ ಅಕೌಂಟ್ಸ್ ಹುಡುಗನಿಂದ. "ಅಣ್ಣ, ಪಾಸ್‌ವರ್ಡ್ ಸರಿಯಾಗೇ ಹಾಕ್ತಾ ಇವ್ನಿ, ಒಳಕ್ಕೇ ಬಿಡ್ತಿಲ್ಲ ಕಣಣ್ಣ. ಡೊಮೈನ್ ಸಿಕ್ತಿಲ್ಲ ಅಂತದೆ."

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಆಯುಧ ಪೂಜೆಗೆ ಎಲ್ಲರೂ ಸಿಸ್ಟಮ್ ಒರೆಸುತ್ತಾರೆ, ಅದಕ್ಕಾಗಿ ಕೇಬಲ್ ಎಲ್ಲ ಕೀಳುತ್ತಾರೆ, ಕುಂಕುಮ ಇಟ್ಟು ಪೂಜೆ ಮಾಡಿ ಮೇನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋಗುತ್ತಾರೆ. ಬಂದ ಮೇಲೆ ಯಾವ ವೈರು ಎಲ್ಲಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಆದರೆ ಆಗುವ ತೊಂದರೆ ವೈರಿನದೊಂದೇ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಈ ತೊಂದರೆ ಬಂದ ತಕ್ಷಣ ತುಂಬಾ ಜನ ಮಾಡುವ ಕೆಲಸ ಅಂದರೆ ಸಿಸ್ಟಮ್ಮನ್ನು ಡೊಮೈನ್‌ನಿಂದ ತೆಗೆದು ವರ್ಕ್‌ಗ್ರೂಪ್‌ಗೆ (ಸರ್ವರಿನ ಹಿಡಿತವಿಲ್ಲದ ಬಿಡಿ ಸಿಸ್ಟಮ್ಮಾಗಿ) ಹಾಕಿ, ಸರ್ವರ್‌ನಲ್ಲಿ ಆ ಕಂಪ್ಯೂಟರಿನ ಹೆಸರನ್ನು ಡಿಲೀಟ್ ಮಾಡಿ, ಮತ್ತೆ ಜೋಡಿಸಲು ನೋಡುವುದು. ದಯವಿಟ್ಟು ಇದನ್ನು ಮೊದಲಿಗೇ ಮಾಡಬೇಡಿ. ಡೊಮೈನ್ ಸಿಗದೇ ಇರುವ ಕಾರಣ ಬೇರೆ ಇದ್ದರೆ ತೆಗೆಯುವುದು ಸುಲಭವಾಗಿ ಆಗುತ್ತದೆ, ಸೇರಿಸುವುದು ಆಗುವುದಿಲ್ಲ. ಆಮೇಲೆ ಆ ಸಿಸ್ಟಮ್ಮಿನ ಲೋಕಲ್ ಅಡ್ಮಿನಿಸ್ಟ್ರೇಟರ್ (ಸರ್ವರ್‌ನಲ್ಲಲ್ಲ, ಆ ಸಿಸ್ಟಮ್ಮಿನಲ್ಲೇ ಇರುವ ಅಡ್ಮಿನ್ ಅಕೌಂಟ್) ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಅಂತ ತಿಳಿಯುವುದು ರೀಸ್ಟಾರ್ಟ್ ಆದ ಮೇಲೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಸರ್ವರ್‌ನಲ್ಲಿರುವ ಡೊಮೈನ್‌ನ ಪಟ್ಟಿಯಲ್ಲಿ, ಉಳಿಸುವ ವ್ಯವಸ್ಥೆ ನಿಮ್ಮಲ್ಲಿದ್ದರೆ, ಆ ಕೀ ಇರುವುದು ಕಂಪ್ಯೂಟರ್ ಅಕೌಂಟಿನ ಅಡಿಯಲ್ಲೇ. ಅಕೌಂಟ್ ಡಿಲೀಟ್ ಮಾಡಿದರೆ ಅದರ ಜೊತೆ ಕೀಯೂ ಹೋಗುತ್ತದೆ. ಮುಂದೆ ಯಾವತ್ತೋ ಮದರ್‌ಬೋರ್ಡ್ ಬದಲಾಯಿಸಿದ ದಿನ ಅದು ಕೀ ಕೇಳಿದರೆ, ಡಿಸ್ಕಿನಲ್ಲಿದ್ದ ನಾಲ್ಕು ವರ್ಷದ ಲೆಕ್ಕ ಪೂರ್ತಿ ಬೀಗದೊಳಗೆ ಉಳಿದುಬಿಡುತ್ತದೆ. ಆ ಲೆಕ್ಕ ಬರೆದವರ ಮುಖ ನೋಡಿ ಏನು ಹೇಳುತ್ತೀರಿ?

ಹಾಗಾಗಿ ನಿಧಾನವಾಗಿ ಶುರು ಮಾಡಿ. ಮೊದಲ ಪ್ರಶ್ನೆ, ಒಂದೇ ಸಿಸ್ಟಮ್ಮಿಗೆ ಹೀಗಾಗಿದೆಯೋ ಎಲ್ಲಕ್ಕೂ ಆಗಿದೆಯೋ. ಪಕ್ಕದ ಟೇಬಲ್ಲಿನವರು ಲಾಗಿನ್ ಆಗಿದ್ದಾರೆ ಅಂದಷ್ಟಕ್ಕೇ ಸರ್ವರ್ ಸರಿಯಿದೆ ಅಂತ ತಿಳಿಯಬೇಡಿ. ವಿಂಡೋಸ್ ಹಿಂದೆ ಲಾಗಿನ್ ಆದವರ ವಿವರವನ್ನು ತನ್ನಲ್ಲೇ ಉಳಿಸಿಕೊಂಡಿರುತ್ತದೆ, ಮಾಮೂಲಿಯಾಗಿ ಕೊನೆಯ 10 ಲಾಗಿನ್‌ಗಳಷ್ಟು. ಸರ್ವರ್ ಸಿಗದಿದ್ದರೂ ಅದರ ಮೇಲೆ ಒಳಗೆ ಬಿಡುತ್ತದೆ. ಅವರಿಗೆ ಹಂಚಿಕೆಯ ಫೋಲ್ಡರ್ ತೆರೆಯಲು ಹೇಳಿ. ಅದೂ ತೆರೆಯಲಿಲ್ಲ ಅಂದರೆ ತೊಂದರೆ ಸರ್ವರ್ ಕಡೆ ಅಥವಾ ಲ್ಯಾನ್ ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್ ಕಡೆ ಇದೆ.

ಎಲ್ಲಕ್ಕೂ ಆಗಿದ್ದರೆ ಸರ್ವರ್ ಮುಂದೆ ಹೋಗಿ ಕೂರಿ. ಕರೆಂಟು ಹೋಗಿ ಬಂದ ದಿನ ನಾನು ಜಾಸ್ತಿ ನೋಡಿರುವ ತೊಂದರೆ ಇದು. ಸರ್ವರ್ ಆನ್ ಆಗಿರುತ್ತದೆ, ಡಿಎನ್ಎಸ್ (ಹೆಸರು ಕೇಳಿದರೆ ವಿಳಾಸ ಹೇಳುವುದು) ಮತ್ತು ನೆಟ್‌ಲಾಗಾನ್ (ಡೊಮೈನ್ ಲಾಗಿನ್ ನೋಡಿಕೊಳ್ಳುವುದು) ಸರ್ವಿಸ್‌ಗಳು ಓಡುತ್ತಿರುತ್ತವೆ, ಆದರೂ ಒಬ್ಬರಿಗೂ ಸಿಗುವುದಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ ತೆರೆದು ನೋಡಿದರೆ ಡೊಮೈನ್ ನೆಟ್‌ವರ್ಕ್ ಅಂತ ಇರಬೇಕಾದ ಜಾಗದಲ್ಲಿ ಪಬ್ಲಿಕ್ ನೆಟ್‌ವರ್ಕ್ ಅಂತ ಇರುತ್ತದೆ. ಸರ್ವರ್ ಏಳುವ ಹೊತ್ತಿಗೆ ಡೊಮೈನ್ ಗುರುತು ಹಿಡಿಯಲು ಆಗದೆ, ಇದ್ಯಾವುದೋ ಹೊರಗಿನ ನೆಟ್‌ವರ್ಕ್ ಅಂತ ತಿಳಿದು ಫೈರ್‌ವಾಲನ್ನು ಬಿಗಿ ಮಾಡಿಕೊಂಡಿರುತ್ತದೆ. ನೆಟ್‌ವರ್ಕ್ ಅಡಾಪ್ಟರನ್ನು ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ದೂರದಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತು ಮಾತ್ರ ಇದನ್ನು ಮಾಡಬೇಡಿ. ಡಿಸೇಬಲ್ ಆದ ಕ್ಷಣ ನಿಮ್ಮ ಸಂಪರ್ಕವೂ ಕಡಿದುಹೋಗುತ್ತದೆ, ಎನೇಬಲ್ ಮಾಡಲು ಅಲ್ಲಿ ಯಾರೂ ಇರುವುದಿಲ್ಲ. ಸರ್ವಿಸ್‌ಗಳೆಲ್ಲ ಸರಿಯಿವೆಯೇ ಅಂತ ನೋಡಲು ಸರ್ವರ್‌ನಲ್ಲೇ 'ಡಿಸಿಡಯಾಗ್' ಅಂತ ಟೈಪ್ ಮಾಡಿ, ಎಲ್ಲಿ ಫೇಲ್ಡ್ ಅಂತ ಬರುತ್ತದೋ ಅಲ್ಲಿಂದ ಹಿಡಿಯಿರಿ.

ಒಂದೇ ಸಿಸ್ಟಮ್ ಆದರೆ ಮೊದಲು ಕೇಬಲ್ ನೋಡಿ, ಪೋರ್ಟಿನ ಹತ್ತಿರ ಲೈಟ್ ಮಿನುಗುತ್ತಿದೆಯೇ ನೋಡಿ. ನಂತರ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್ /ಆಲ್' ಹೊಡೆಯಿರಿ. ಒಳಗೇ ಹೋಗಲಾಗುತ್ತಿಲ್ಲ ಅಂದರೆ ಲ್ಯಾನ್ ಕೇಬಲ್ ಕಿತ್ತು, ವೈಫೈ ಇದ್ದರೆ ಅದನ್ನೂ ಆಫ್ ಮಾಡಿ, ಹಿಂದೆ ಅದೇ ಸಿಸ್ಟಮ್ಮಿನಲ್ಲಿ ಲಾಗಿನ್ ಆಗಿದ್ದವರ ಹೆಸರು, ಪಾಸ್‌ವರ್ಡ್ ಹಾಕಿಸಿ. ಆಗಲೇ ಹೇಳಿದ ಹಾಗೆ ಉಳಿಸಿಕೊಂಡ ವಿವರದ ಮೇಲೆ ಒಳಗೆ ಬಿಡುತ್ತದೆ, ಆಮೇಲೆ ಕೇಬಲ್ ಹಾಕಿಕೊಂಡರಾಯಿತು. ಇದು ಎಷ್ಟೋ ಸಲ ನನ್ನನ್ನು ಕಾಪಾಡಿದೆ.

ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ಆ ಸಿಸ್ಟಮ್ಮಿಗೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ. ಕೇಬಲ್, ಸ್ವಿಚ್ ಅಥವಾ ವಿಳಾಸ ಹಂಚುವ ಡಿಎಚ್‌ಸಿಪಿ ಕಡೆ ನೋಡಿ. ವಿಳಾಸ ಬಂದಿದೆ, ಆದರೆ ನಿಮ್ಮ ಆಫೀಸಿನ ಸಾಲಿನದ್ದಲ್ಲ ಅಂದರೆ ಇನ್ನೂ ಹುಷಾರಾಗಿ. ಒಮ್ಮೆ ಹೀಗೇ ಆಯಿತು. ನಮ್ಮ ವಿಳಾಸಗಳೆಲ್ಲ 10ರಿಂದ ಶುರು, ನಾಲ್ಕು ಸಿಸ್ಟಮ್‌ಗಳಿಗೆ ಮಾತ್ರ 192.168.0 ಅಂತ ಬಂದಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಸ್ವಿಚ್ಚಿನಿಂದ ಒಂದೊಂದೇ ಕೇಬಲ್ ಕಿತ್ತು ನೋಡುತ್ತಾ ಹೋದೆ. ಕೊನೆಗೆ ಸಿಕ್ಕಿದ್ದು ಸ್ಟೋರ್ ರೂಮಿನಲ್ಲಿ. ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ ಅಂತ ಯಾರೋ ಮನೆಯ ಹಳೆಯ ವೈಫೈ ರೌಟರ್ ತಂದು ಗೋಡೆಯ ಲ್ಯಾನ್ ಪಾಯಿಂಟಿಗೆ ಚುಚ್ಚಿದ್ದರು, ಅದೂ ರೌಟರಿನ ಲ್ಯಾನ್ ಪೋರ್ಟಿನಿಂದ. ಆ ರೌಟರ್ ಆಫೀಸಿನ ಸಿಸ್ಟಮ್‌ಗಳಿಗೆಲ್ಲ ತಾನೂ ವಿಳಾಸ ಹಂಚುತ್ತಿತ್ತು, ಯಾವ ಸಿಸ್ಟಮ್ಮಿಗೆ ಅದರ ಉತ್ತರ ಮೊದಲು ಮುಟ್ಟಿತೋ ಅದು ದಾರಿ ತಪ್ಪುತ್ತಿತ್ತು. ಪಾಪ, ಅವರು ಕೆಟ್ಟದ್ದಕ್ಕೆ ಮಾಡಿದ್ದಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ, ಡಿಎನ್ಎಸ್. ನಾನು ನೋಡಿದ ಕೇಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಮುಗಿದಿವೆ. ಸಿಸ್ಟಮ್ ಡೊಮೈನ್ ಹುಡುಕುವಾಗ ಡಿಎನ್ಎಸ್ ಸರ್ವರನ್ನು ಕೇಳುತ್ತದೆ, ಈ ಡೊಮೈನ್‌ನ ಕಂಟ್ರೋಲರ್ (ಡೊಮೈನ್ ನಡೆಸುವ ಸರ್ವರ್) ಯಾರು, ಎಲ್ಲಿದ್ದಾರೆ ಅಂತ. ಆ ಉತ್ತರ ಗೊತ್ತಿರುವುದು ನಿಮ್ಮ ಆಫೀಸಿನೊಳಗಿನ ಡಿಎನ್ಎಸ್‌ಗೆ ಮಾತ್ರ, ಸಣ್ಣ ಆಫೀಸುಗಳಲ್ಲಿ ಸಾಮಾನ್ಯವಾಗಿ ಡೊಮೈನ್ ಕಂಟ್ರೋಲರೇ ಡಿಎನ್ಎಸ್ ಕೂಡ ಆಗಿರುತ್ತದೆ. ಸಿಸ್ಟಮ್ಮಿನಲ್ಲಿ 8.8.8.8 ಅಂತ ಹಾಕಿದ್ದರೆ ಅದು ಗೂಗಲ್‌ನವರನ್ನು ಕೇಳುತ್ತದೆ. ಮಂಡ್ಯದ ಗುತ್ತಲು ರಸ್ತೆಯಲ್ಲಿರುವ ನಿಮ್ಮ ಅತ್ತೆ ಮನೆಗೆ ದಾರಿ ಯಾವುದು ಅಂತ ದಿಲ್ಲಿ ಸ್ಟೇಷನ್ನಿನಲ್ಲಿ ನಿಂತು ಕೇಳಿದ ಹಾಗೆ. ಅವರು ಸುಳ್ಳು ಹೇಳುವುದಿಲ್ಲ, ಅಂಥದ್ದು ಇಲ್ಲ ಅನ್ನುತ್ತಾರೆ. ಇಂಟರ್ನೆಟ್ ಮಾತ್ರ ಚೆನ್ನಾಗಿ ಓಡುತ್ತಿರುತ್ತದೆ, ಅದಕ್ಕೇ ಜನ ನೆಟ್ ಸರಿಯಿದೆಯಲ್ಲ ಅಂತ ಬೇರೆಲ್ಲೋ ಹುಡುಕುತ್ತಾರೆ.

"ಪ್ರಿಫರ್ಡ್ ಅಂತ ನಮ್ಮ ಸರ್ವರ್ ಹಾಕಿದ್ದೀನಿ, ಆಲ್ಟರ್ನೇಟ್ ಅಂತ 8.8.8.8 ಹಾಕಿದ್ದೀನಿ, ಅದರಲ್ಲೇನು ತಪ್ಪು ಸಾರ್?" ಅಂತ ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ತಪ್ಪಿದೆ. ಮೊದಲನೆಯದು ಒಮ್ಮೆ ಉತ್ತರ ಕೊಡುವುದು ತಡವಾದರೂ ವಿಂಡೋಸ್ ಎರಡನೆಯದರ ಕಡೆ ವಾಲುತ್ತದೆ. ಎರಡನೆಯದು ಅಂಥ ಹೆಸರಿಲ್ಲ ಅಂದುಬಿಟ್ಟರೆ ಅದನ್ನೇ ನಂಬುತ್ತದೆ, ವಾಪಸ್ ಬಂದು ಮೊದಲನೆಯದನ್ನು ಇನ್ನೊಮ್ಮೆ ಕೇಳುವುದಿಲ್ಲ. ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ, ಸಂಜೆ ಮತ್ತೆ ಸರಿ ಅನ್ನುವ ತಲೆನೋವಿನ ಕೇಸುಗಳು ಹೀಗೆ ಹುಟ್ಟುತ್ತವೆ. ಡೊಮೈನ್‌ನಲ್ಲಿರುವ ಸಿಸ್ಟಮ್ಮಿನಲ್ಲಿ ಎರಡೂ ಜಾಗದಲ್ಲಿ ಒಳಗಿನ ಡಿಎನ್ಎಸ್ ಮಾತ್ರ ಇರಲಿ. ಇಂಟರ್ನೆಟ್ ಬೇಕಲ್ವಾ ಅಂದರೆ, ಹೊರಗಿನ ಹೆಸರುಗಳನ್ನು ಹೊರಗೆ ಕೇಳುವ ಕೆಲಸವನ್ನು ಸರ್ವರಿಗೇ ಬಿಡಿ, ಅದಕ್ಕೆಂದೇ ಸರ್ವರ್‌ನ ಡಿಎನ್ಎಸ್‌ನಲ್ಲಿ ಫಾರ್ವರ್ಡರ್ ಅಂತ ಜಾಗವಿದೆ, 8.8.8.8 ಅಲ್ಲಿಗೆ ಸೇರಿದ್ದು.

ಇದೆಲ್ಲ ಸರಿಯಿದ್ದೂ ಆಗುತ್ತಿಲ್ಲ ಅಂದರೆ 'ಐಪಿಕಾನ್ಫಿಗ್ /ಆಲ್' ಉತ್ತರದಲ್ಲಿ ಡಿಎನ್ಎಸ್ ಸರ್ವರ್ ಅನ್ನುವ ಸಾಲನ್ನು ಪೂರ್ತಿ ಓದಿ. ನಿಮ್ಮ ಸರ್ವರಿನ ವಿಳಾಸದ ಮೇಲೆ ಉದ್ದನೆಯ ಐಪಿವಿ6 (ಹೊಸ ಬಗೆಯ ಐಪಿ) ವಿಳಾಸವೊಂದು ಕೂತಿರಬಹುದು. ಫೈಬರ್ ಇಂಟರ್ನೆಟ್ ಜೊತೆ ಬರುವ ರೌಟರ್‌ಗಳು ಐಪಿವಿ6ನಲ್ಲಿ ತಮ್ಮನ್ನೇ ಡಿಎನ್ಎಸ್ ಅಂತ ಹೇಳಿಕೊಳ್ಳುವುದುಂಟು. ನೀವು ಐಪಿವಿ4ನಲ್ಲಿ (ಮಾಮೂಲಿ ಐಪಿ) ಎಷ್ಟೇ ಸರಿ ಮಾಡಿದರೂ ಸಿಸ್ಟಮ್ ರೌಟರನ್ನೇ ಕೇಳುತ್ತಿರುತ್ತದೆ. ರೌಟರಿನ ಪುಟಕ್ಕೆ ಹೋಗಿ ಹಾಗೆ ಹಂಚುವುದನ್ನು ನಿಲ್ಲಿಸಿ. ನಾನು ಇದನ್ನು ಕಲಿಯಲು ಎರಡು ದಿನ ಬೇಕಾಯಿತು, ನಿಮಗೆ ಎರಡು ನಿಮಿಷ ಸಾಕು.

ಪರೀಕ್ಷೆ ಹೀಗೆ ಮಾಡಿ. ನಿಮ್ಮ ಡೊಮೈನ್ ಹೆಸರು ಆಫೀಸ್.ಲೋಕಲ್ ಅಂತ ಇಟ್ಟುಕೊಳ್ಳಿ. 'ಎನ್ಎಸ್‌ಲುಕಪ್ ಆಫೀಸ್.ಲೋಕಲ್' ಅಂದರೆ ಡೊಮೈನ್ ಕಂಟ್ರೋಲರಿನ ಐಪಿ ಬರಬೇಕು. ಅದು ಬಂದರೆ ಸಾಲದು. 'ಎನ್ಎಲ್‌ಟೆಸ್ಟ್ /ಡಿಎಸ್‌ಗೆಟ್‌ಡಿಸಿ:ಆಫೀಸ್.ಲೋಕಲ್' ಅಂತ ಹೊಡೆಯಿರಿ, ಕಂಟ್ರೋಲರಿನ ಹೆಸರು, ವಿಳಾಸ ಎಲ್ಲ ಬಂದರೆ ಹುಡುಕುವ ಕೆಲಸ ಸರಿಯಾಗಿ ಆಗುತ್ತಿದೆ. 1355 ಅನ್ನುವ ತಪ್ಪು ಬಂದರೆ ಡೊಮೈನ್ ಸಿಕ್ಕಿಲ್ಲ. ಸುಮ್ನೆ ಪಿಂಗ್ ಮಾಡಿ, ಪಿಂಗ್ ಬರ್ತಿದೆ ಸರ್ವರ್ ಸರಿಯಿದೆ ಅನ್ನಬೇಡಿ. ಡೊಮೈನ್ ಹುಡುಕಲು ಬೇಕಾಗಿರುವುದು ಎಸ್ಆರ್‌ವಿ ಅನ್ನುವ ಬೇರೆ ಬಗೆಯ ದಾಖಲೆಗಳು, ಪಿಂಗ್ ಅವನ್ನು ಮುಟ್ಟುವುದೇ ಇಲ್ಲ. ಆ ದಾಖಲೆಗಳು ಕಾಣೆಯಾಗಿದ್ದರೆ ಸರ್ವರ್‌ನಲ್ಲಿ ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ಅದು ಅವನ್ನು ಮತ್ತೆ ಬರೆಯುತ್ತದೆ. ಆಮೇಲೆ ಸಿಸ್ಟಮ್ಮಿನಲ್ಲಿ 'ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್' ಮಾಡಿ ಮತ್ತೆ ನೋಡಿ. ಪರದೆಯ ಮೇಲೆ ಬರುವ ತಪ್ಪಿನ ಸಂಖ್ಯೆಯನ್ನೂ ಓದಿ. ಕೊನೆಯಲ್ಲಿ 232ಬಿ ಅಂತ ಇದ್ದರೆ ಡಿಎನ್ಎಸ್ ಅಂಥ ಹೆಸರೇ ಇಲ್ಲ ಅಂದಿದೆ, 5ಬಿ4 ಅಂತ ಇದ್ದರೆ ಉತ್ತರಕ್ಕೆ ಕಾದು ಕಾದು ಸಮಯ ಮುಗಿದಿದೆ. ಮೊದಲನೆಯದಕ್ಕೆ ಡಿಎನ್ಎಸ್ ವಿಳಾಸ ನೋಡಿ, ಎರಡನೆಯದಕ್ಕೆ ದಾರಿಯಲ್ಲಿ ಏನು ಅಡ್ಡ ಇದೆ ನೋಡಿ.

ಇನ್ನು ಗಡಿಯಾರ. ಮಂಡ್ಯದ ಹುಡುಗನ ಕೇಸಿಗೆ ಬರುತ್ತೇನೆ. ಅವನ ಡಿಎನ್ಎಸ್ ಎಲ್ಲ ಸರಿಯಿತ್ತು. ಫೋನಿನಲ್ಲಿ ಕೇಳಿದೆ, "ಪರದೆ ಮೇಲೆ ತಾರೀಕು ಎಷ್ಟು ತೋರಿಸ್ತಿದೆ ನೋಡಪ್ಪ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, 2017 ಅಂತದೆ" ಅಂದ. ಮದರ್‌ಬೋರ್ಡಿನ ಮೇಲೆ ಸಿಆರ್ 2032 ಅನ್ನುವ ಬಿಲ್ಲೆಯಂಥ ಸೆಲ್ ಇರುತ್ತದೆ. ಸಿಸ್ಟಮ್ಮಿಗೆ ಕರೆಂಟು ಇಲ್ಲದಾಗ ಗಡಿಯಾರವನ್ನು ಓಡಿಸುವುದು ಅದು. ಸೆಲ್ ಮುಗಿದಿದ್ದರೂ ದಿನಾ ಪ್ಲಗ್‌ನಲ್ಲಿ ಕರೆಂಟು ಇರುವ ತನಕ ಗೊತ್ತಾಗುವುದಿಲ್ಲ. ದಸರೆಗೆ ಮೇನ್ ಆಫ್ ಮಾಡಿ ಹೋದರೆ ಬರುವಷ್ಟರಲ್ಲಿ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ಡೊಮೈನ್‌ನ ಕೆರ್ಬರೋಸ್ ಅನ್ನುವ ಗುರುತು ಪರೀಕ್ಷೆಯು ಸಿಸ್ಟಮ್ ಮತ್ತು ಸರ್ವರ್ ಸಮಯದ ನಡುವೆ 5 ನಿಮಿಷದವರೆಗೆ ಮಾತ್ರ ವ್ಯತ್ಯಾಸ ಸಹಿಸುತ್ತದೆ. ಒಬ್ಬರಿಗೆ ಸರ್ವರ್ ಕೊಟ್ಟ ಹಳೆಯ ಪ್ರವೇಶ ಚೀಟಿಯನ್ನು ಕದ್ದು ಇನ್ನೊಬ್ಬರು ಮತ್ತೆ ಬಳಸಬಾರದು ಅಂತ ಹಾಗೆ ಇಟ್ಟಿದ್ದಾರೆ.

ಇಲ್ಲಿ ಒಂದು ಒಳಸುಳಿ ಇದೆ. ಗಡಿಯಾರ ಸರಿಯಾಗಿ ಹತ್ತು ಗಂಟೆ ಅಂತಲೇ ತೋರಿಸುತ್ತಿರುತ್ತದೆ, ಆದರೆ ಟೈಮ್ ಝೋನ್ ಅಮೆರಿಕದ್ದಾಗಿರುತ್ತದೆ. ಹೊಸದಾಗಿ ವಿಂಡೋಸ್ ಹಾಕಿದವರು ಝೋನ್ ಬದಲಾಯಿಸದೆ ಗಂಟೆಯನ್ನಷ್ಟೇ ಕೈಯಲ್ಲಿ ತಿರುಗಿಸಿರುತ್ತಾರೆ. ಒಳಲೆಕ್ಕದಲ್ಲಿ ಸಿಸ್ಟಮ್ ಹಲವು ಗಂಟೆ ಆಚೀಚೆ ಇರುತ್ತದೆ. ಝೋನ್ ಯುಟಿಸಿಗಿಂತ (ಜಗತ್ತಿನ ಮೂಲ ಸಮಯ) 5:30 ಮುಂದೆ ಇರುವ ಭಾರತದ್ದೇ ಆಗಿರಬೇಕು. ಮೊದಲು ಝೋನ್, ಆಮೇಲೆ ತಾರೀಕು, ಆಮೇಲೆ ಗಂಟೆ ಸರಿ ಮಾಡಿ. ಒಳಗೆ ಹೋಗಲಾಗದಿದ್ದರೆ ಬಯಾಸ್‌ನಲ್ಲೇ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟದಲ್ಲೇ, ತಾರೀಕು ತಿದ್ದಬಹುದು. ಒಳಗೆ ಹೋದ ಮೇಲೆ ಅಡ್ಮಿನ್ ಆಗಿ 'ಡಬ್ಲ್ಯು32ಟಿಎಂ /ರೀಸಿಂಕ್' ಹೊಡೆಯಿರಿ. ಅವತ್ತು ಆ ಹುಡುಗ ಬಯಾಸ್‌ನಲ್ಲಿ ತಾರೀಕು ಸರಿ ಮಾಡಿ ಲಾಗಿನ್ ಆದ, ಸಂಜೆ ವಿ.ವಿ. ರಸ್ತೆಯ ಕಡೆ ಹೋಗಿ ಸೆಲ್ ತಂದು ಹಾಕಿದ. ಸೆಲ್ ಬದಲಾಯಿಸದೆ ತಾರೀಕು ಮಾತ್ರ ತಿದ್ದಿದರೆ ಮುಂದಿನ ಸಲ ಮೇನ್ ಆಫ್ ಆದಾಗ ಮತ್ತೆ ಅದೇ ಕಥೆ.

ಸಮಯವೂ ಸರಿ, ಡಿಎನ್ಎಸ್ಸೂ ಸರಿ ಅಂದರೆ ಮುಂದೆ ನೋಡಬೇಕಾದದ್ದು ಪೋರ್ಟುಗಳು. ಕೇಬಲ್ ಚುಚ್ಚುವ ಜಾಗವಲ್ಲ, ಒಂದೊಂದು ಕೆಲಸಕ್ಕೆ ಸರ್ವರ್ ಬಳಸುವ, ಸಂಖ್ಯೆ ಇರುವ ಬಾಗಿಲುಗಳು. ಡಿಎನ್ಎಸ್‌ಗೆ 53, ಕೆರ್ಬರೋಸ್‌ಗೆ 88, ಆರ್‌ಪಿಸಿಗೆ (ಇನ್ನೊಂದು ಸಿಸ್ಟಮ್ಮಿನಿಂದ ಕೆಲಸ ಮಾಡಿಸಲು) 135, ಎಲ್‌ಡ್ಯಾಪ್‌ಗೆ (ಡೈರೆಕ್ಟರಿ ಓದಲು) 389, ಫೈಲ್ ಹಂಚಿಕೆಗೆ 445 ತೆರೆದಿರಬೇಕು, ಜೊತೆಗೆ ಆರ್‌ಪಿಸಿ ಆಮೇಲೆ ಬಳಸುವ 49152ರಿಂದ 65535ರವರೆಗಿನವು. ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಅಂತ ಬರೆದು ಸರ್ವರ್ ಹೆಸರು, '-ಪೋರ್ಟ್', ಸಂಖ್ಯೆ ಕೊಟ್ಟರೆ ಸಾಕು, ಟ್ರೂ ಅಥವಾ ಫಾಲ್ಸ್ ಅನ್ನುತ್ತದೆ. ಒಂದೇ ಕಟ್ಟಡದಲ್ಲಿದ್ದರೆ ಅಡ್ಡ ಬರುವುದು ಹೆಚ್ಚಾಗಿ ಆಂಟಿವೈರಸ್ ಜೊತೆ ಬರುವ ಫೈರ್‌ವಾಲ್. ಮೈಸೂರು, ಮಂಡ್ಯದ ಹಾಗೆ ಎರಡು ಊರಿನ ನಡುವೆ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಇದ್ದರೆ ಎರಡೂ ತುದಿಯ ರೌಟರ್ ನೋಡಬೇಕು.

ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್ ಅಂತ ಬರುವ ತಪ್ಪು ಬೇರೆ ಜಾತಿಯದು. ಇಲ್ಲಿ ಡೊಮೈನ್ ಸಿಕ್ಕಿದೆ, ಆದರೆ ಸರ್ವರ್ ಈ ಸಿಸ್ಟಮ್ಮನ್ನು ನಂಬುತ್ತಿಲ್ಲ. ನಮಗೆ ಪಾಸ್‌ವರ್ಡ್ ಇರುವ ಹಾಗೆ ಪ್ರತಿ ಕಂಪ್ಯೂಟರಿಗೂ ಡೊಮೈನ್‌ನಲ್ಲಿ ಒಂದು ಪಾಸ್‌ವರ್ಡ್ ಇರುತ್ತದೆ, ಅದು 30 ದಿನಕ್ಕೊಮ್ಮೆ ತಾನೇ ಬದಲಾಯಿಸಿಕೊಳ್ಳುತ್ತದೆ. ರಜೆಯಲ್ಲಿ ಎರಡು ತಿಂಗಳು ಆಫ್ ಇದ್ದದ್ದಕ್ಕೆ ಟ್ರಸ್ಟ್ ಮುರಿಯಿತು ಅಂತ ಹೇಳುವವರಿದ್ದಾರೆ. ಅದು ನಿಜವಲ್ಲ. ಬದಲಾಯಿಸಲು ಮುಂದಾಗುವುದು ಸಿಸ್ಟಮ್, ಸರ್ವರ್ ಅಲ್ಲ. ಆಫ್ ಆಗಿದ್ದರೆ ಬದಲಾವಣೆಯೇ ಆಗುವುದಿಲ್ಲ, ಆನ್ ಆದ ಮೇಲೆ ಹಳೆಯದರಲ್ಲೇ ಮಾತಾಡಿ ಹೊಸದು ಮಾಡಿಕೊಳ್ಳುತ್ತದೆ. ಮುರಿಯುವುದು ಸಿಸ್ಟಮ್ಮನ್ನು ಹಳೆಯ ಬ್ಯಾಕಪ್ಪಿಗೆ ವಾಪಸ್ ಒಯ್ದಾಗ, ಅದೇ ಹೆಸರಿನ ಇನ್ನೊಂದು ಸಿಸ್ಟಮ್ಮನ್ನು ಡೊಮೈನ್‌ಗೆ ಸೇರಿಸಿದಾಗ, ಅಥವಾ ಸರ್ವರ್‌ನಲ್ಲಿ ಹಳೆಯ ಹೆಸರುಗಳನ್ನು ಗುಡಿಸುವಾಗ ಯಾರೋ ಇದನ್ನೂ ಗುಡಿಸಿದಾಗ.

ಇದಕ್ಕೆ ಡೊಮೈನ್‌ನಿಂದ ತೆಗೆಯುವುದು ಬೇಕಿಲ್ಲ. ಲೋಕಲ್ ಅಡ್ಮಿನ್ ಆಗಿ ಒಳಗೆ ಹೋಗಿ, ಹೆಸರಿಗಿಂತ ಮೊದಲು ಚುಕ್ಕಿ ಮತ್ತು ಹಿಂದಕ್ಕೆ ವಾಲಿದ ಗೀಟು (.\) ಹಾಕಿದರೆ ಲೋಕಲ್ ಅಕೌಂಟ್ ಅಂತ ಅರ್ಥವಾಗುತ್ತದೆ. ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು 'ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ -ರಿಪೇರ್ -ಕ್ರೆಡೆನ್ಶಿಯಲ್' ಅಂತ ಬರೆದು, ಪಕ್ಕದಲ್ಲಿ 'ಗೆಟ್-ಕ್ರೆಡೆನ್ಶಿಯಲ್' ಅನ್ನುವುದನ್ನು ಕಂಸದೊಳಗೆ ಹಾಕಿ ಎಂಟರ್ ಒತ್ತಿ. ಡೊಮೈನ್ ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಟ್ರೂ ಅಂತ ಬಂದರೆ ರೀಸ್ಟಾರ್ಟ್ ಮಾಡಿ, ಮುಗಿಯಿತು. ಸರ್ವರ್‌ನಲ್ಲಿ ಅಕೌಂಟೇ ಇಲ್ಲದಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ಹೊಸ ಸಿಸ್ಟಮ್ ಸೇರುತ್ತಲೇ ಇಲ್ಲ ಅನ್ನುವವರು ಮೊದಲು ವಿಂಡೋಸ್ ಯಾವುದು ನೋಡಿ. ಹೋಮ್ ಎಡಿಷನ್ ಆದರೆ ಡೊಮೈನ್‌ಗೆ ಸೇರುವುದೇ ಇಲ್ಲ, ಪ್ರೊ ಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಹತ್ತು ಲ್ಯಾಪ್‌ಟಾಪ್ ತಂದ ಮೇಲೆ ಇದು ಗೊತ್ತಾದರೆ ಬೇಜಾರು, ಕೊಳ್ಳುವ ಮೊದಲೇ ಕೇಳಿ. ಕಂಪ್ಯೂಟರ್ ಹೆಸರು 15 ಅಕ್ಷರ ಮೀರದಿರಲಿ. ಅಡ್ಮಿನ್ ಅಲ್ಲದ ಮಾಮೂಲಿ ಬಳಕೆದಾರರು ತಲಾ 10 ಸಿಸ್ಟಮ್ ತನಕ ಸೇರಿಸಬಹುದು, ಹನ್ನೊಂದನೆಯದಕ್ಕೆ ಸರ್ವರ್ ಒಪ್ಪುವುದಿಲ್ಲ. ಸೇರಿಸುವ ಮೊದಲೇ ಆ ಸಿಸ್ಟಮ್ಮಿನಿಂದ ಸರ್ವರಿನ ಫೋಲ್ಡರ್ ಬೇರೆ ಹೆಸರಿನಲ್ಲಿ ತೆರೆದಿದ್ದರೆ ಒಂದೇ ಸರ್ವರಿಗೆ ಎರಡು ಹೆಸರಿನ ಸಂಪರ್ಕ ಆಗದು ಅಂತ ಜಗಳ ತೆಗೆಯುತ್ತದೆ, 'ನೆಟ್ ಯೂಸ್ * /ಡಿಲೀಟ್' ಹೊಡೆದು ಮತ್ತೆ ಪ್ರಯತ್ನಿಸಿ. ಹಳೆಯ ಸಿಸ್ಟಮ್ಮಿನ ಹೆಸರನ್ನೇ ಹೊಸದಕ್ಕೆ ಇಟ್ಟಾಗ, ಈ ಹೆಸರಿನ ಅಕೌಂಟ್ ಆಗಲೇ ಇದೆ, ಮತ್ತೆ ಬಳಸುವಂತಿಲ್ಲ ಅಂತ ಬಂದರೆ ಅದು 2022ರ ಅಕ್ಟೋಬರ್ ಅಪ್‌ಡೇಟ್‌ನಿಂದ ಬಂದ ಬಿಗಿ. ಆ ಅಕೌಂಟನ್ನು ಮೊದಲು ಯಾರು ಸೃಷ್ಟಿಸಿದ್ದರೋ ಅವರ ಹೆಸರಿನಲ್ಲೇ ಸೇರಿಸಿ, ಇಲ್ಲವೇ ಹೊಸ ಹೆಸರು ಕೊಡಿ. ಏನೂ ಹೊಳೆಯದಿದ್ದರೆ ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಅದರೊಳಗೆ ಡಿಬಗ್ ಫೋಲ್ಡರಿನಲ್ಲಿ ನೆಟ್‌ಸೆಟಪ್ ಅನ್ನುವ ಲಾಗ್ ಫೈಲಿದೆ. ಕೆಳಗಿನಿಂದ ಮೇಲಕ್ಕೆ ಓದಿ. ಎಲ್ಲಿ ಎಡವಿತು ಅಂತ ಅದರಲ್ಲಿ ಬರೆದಿರುತ್ತದೆ.

ಇಷ್ಟೆಲ್ಲ ನೋಡಿಯೂ ಕೊನೆಗೆ ತೆಗೆದು ಸೇರಿಸಲೇಬೇಕು ಅಂದರೆ ಸೇರಿಸಿ. ಲೋಕಲ್ ಅಡ್ಮಿನ್ ಆಗಿ ಒಮ್ಮೆ ನಿಜವಾಗಿ ಲಾಗಿನ್ ಆಗಿ ಪಾಸ್‌ವರ್ಡ್ ಕೆಲಸ ಮಾಡುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಬಿಟ್‌ಲಾಕರ್ ಇದ್ದರೆ ಕೀಯನ್ನು ಬೇರೆ ಕಡೆ ಬರೆದಿಡಿ. ಸರ್ವರ್‌ನಲ್ಲಿ ಅಕೌಂಟ್ ಡಿಲೀಟ್ ಮಾಡದೆ ರೀಸೆಟ್ ಮಾತ್ರ ಮಾಡಿ, ಅದೇ ಹೆಸರಿನಲ್ಲಿ ಸೇರಿಸಿ. ಆ ಸಿಸ್ಟಮ್ ಬಳಸುವವರಿಗೂ ಮೊದಲೇ ಒಂದು ಮಾತು ಹೇಳಿ. ನೀವು ಲೋಕಲ್ ಅಕೌಂಟಿನಲ್ಲಿ ಕೂತಾಗ ಪರದೆ ಖಾಲಿ ಕಾಣುತ್ತದೆ, ಅದನ್ನು ನೋಡಿ ನಮ್ಮ ಮೇಡಂ ಒಬ್ಬರು ಫೈಲೆಲ್ಲ ಹೋಯಿತು ಅಂತ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ಏನೂ ಹೋಗಿರುವುದಿಲ್ಲ, ಅದೇ ಡೊಮೈನ್‌ಗೆ ಮತ್ತೆ ಸೇರಿ ಅವರ ಹೆಸರಿನಲ್ಲೇ ಲಾಗಿನ್ ಆದರೆ ಅವರ ಡೆಸ್ಕ್‌ಟಾಪ್ ಹಾಗೇ ಇರುತ್ತದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಲ್ಲೇ ಪಾಸ್‌ವರ್ಡ್ ಹಾಕಿಸಿ, ಫೋಲ್ಡರುಗಳನ್ನು ತೆರೆದು ತೋರಿಸಿ. ಆಮೇಲೆ ಎದ್ದು ಬನ್ನಿ.